ನಿಮ್ಮದೇ ಅಂತ ಇದ್ದ ಮೊದಲ ಕ್ಯಾಮೆರಾ ಯಾವುದು? ಅದರಲ್ಲಿ ತೆಗೆದ ಫೋಟೋಗಳು ಈಗಲೂ ಇವೆಯಾ?

ಆಗ್ಫಾ ಕ್ಲಿಕ್ ತ್ರೀ. ಫೋಟೋಗಳು ಇವೆ, ನೆಗೆಟಿವ್‌ಗಳೂ ಇವೆ.

ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಕ್ಯಾಮೆರಾ ಮತ್ತು ಒಂದು ಡಬ್ಬಿ ತುಂಬ ನೆಗೆಟಿವ್ ಸಿಕ್ಕಿವೆ, ಇಟ್ಟುಕೊಂಡು ಏನು ಮಾಡೋದು ಅಂತಲೂ ಕೇಳಿದ್ದೀರಿ. ಎಸೆಯಬೇಡಿ. ಯಾಕೆ ಅಂತ ಹೇಳಲು ನನ್ನ ಕ್ಯಾಮೆರಾದ ಕಥೆಯನ್ನೇ ಹೇಳಬೇಕು.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. 1970ರ ದಶಕದ ಕೊನೆ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಬೊಂಬಾಯಿಯಲ್ಲಿದ್ದ ಸೋದರಮಾವ ಈ ಕ್ಯಾಮೆರಾ ತಂದುಕೊಟ್ಟರು. ತಮ್ಮನಿಗಲ್ಲ, ನನಗೆ. "ಇದು ಅವಳದ್ದು. ಅವಳನ್ನು ಕೇಳದೆ ಯಾರೂ ಮುಟ್ಟಬೇಡಿ" ಅಂತ ಎಲ್ಲರೆದುರೇ ಹೇಳಿದರು. ಆ ಮಾತಿಗೆ ಎಷ್ಟು ಬೆಲೆ ಅಂತ ಆಗ ನನಗೆ ಪೂರ್ತಿ ಗೊತ್ತಾಗಲಿಲ್ಲ. ಮನೆಯಲ್ಲಿ ರೇಡಿಯೋ ಅಪ್ಪನದು, ಸೈಕಲ್ಲು ಚಿಕ್ಕಪ್ಪನದು, ಗಡಿಯಾರ ಅಜ್ಜನದು. ಹೆಣ್ಣುಮಕ್ಕಳ ಹೆಸರಿನಲ್ಲಿ ಇದ್ದ ಯಂತ್ರ ಅಂದರೆ ಅದೊಂದೇ.

ಆಗ್ಫಾ ಜರ್ಮನಿಯ ಕಂಪನಿ. ಆದರೆ ನಮ್ಮ ಕ್ಲಿಕ್ ತ್ರೀ ತಯಾರಾಗಿದ್ದು ಗುಜರಾತಿನ ಬರೋಡದಲ್ಲಿ, ನ್ಯೂ ಇಂಡಿಯಾ ಇಂಡಸ್ಟ್ರೀಸ್ ಅನ್ನುವ ಕಾರ್ಖಾನೆಯಲ್ಲಿ. ಆಗ ಹೊರದೇಶದ ಕ್ಯಾಮೆರಾ ತರಿಸುವುದಕ್ಕೆ ನೂರೆಂಟು ನಿರ್ಬಂಧ. ಹಾಗಾಗಿ ಮಧ್ಯಮ ವರ್ಗದ ಮನೆಗಳಿಗೆ ಬಂದಿದ್ದು ಹೆಚ್ಚಾಗಿ ಈ ಕ್ಲಿಕ್ ತ್ರೀ, ಇಲ್ಲವೇ ಅದೇ ಕಾರ್ಖಾನೆಯ ಐಸೋಲಿ. ನಿಮ್ಮ ಅಜ್ಜನದೂ ಇವೆರಡರಲ್ಲಿ ಒಂದಿರಬಹುದು. ಮುಂದೆ ಹೆಸರು ಬರೆದಿರುತ್ತದೆ, ನೋಡಿ.

ಕಪ್ಪು ಪ್ಲಾಸ್ಟಿಕ್ಕಿನ ಹಗುರ ಡಬ್ಬಿ ಅದು. ಒಳಗೆ ಹೆಚ್ಚೇನಿಲ್ಲ. ಫೋಕಸ್ ಮಾಡುವ ಕೆಲಸವೇ ಇಲ್ಲ. ಹತ್ತು ಅಡಿ ದೂರ ನಿಂತರೆ ಮುಖ ಚೊಕ್ಕವಾಗಿ ಬರುತ್ತದೆ, ತೀರಾ ಹತ್ತಿರ ಹೋದರೆ ಮಸುಕು. ಲೆನ್ಸಿನ ಹತ್ತಿರ ಸೂರ್ಯನ ಚಿತ್ರ, ಮೋಡದ ಚಿತ್ರ. ಬಿಸಿಲಿದ್ದರೆ ಅಲ್ಲಿಗೆ, ಮೋಡವಿದ್ದರೆ ಇಲ್ಲಿಗೆ ತಿರುಗಿಸಿದರೆ ಮುಗಿಯಿತು. ಪಕ್ಕದ ಪುಟ್ಟ ಲಿವರನ್ನು ಬೆರಳಿನಿಂದ ಒತ್ತಿದರೆ ಕ್ಲಿಕ್ ಅನ್ನುತ್ತದೆ. ಒಳಗೆ ಬೆಳಕು ಬಿಡುವ ಶಟರಿಗೆ ಒಂದೇ ವೇಗ, ಸೆಕೆಂಡಿನ 1/30ರ ಆಸುಪಾಸು. ಒತ್ತುವಾಗ ಉಸಿರು ಬಿಗಿಹಿಡಿಯಬೇಕಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರೆ ಅಲುಗುವುದಿಲ್ಲ ಅಂತ ಮಾವನೇ ಹೇಳಿಕೊಟ್ಟಿದ್ದರು. ಇವತ್ತಿಗೂ ಫೋನಿನಲ್ಲಿ ಫೋಟೋ ತೆಗೆಯುವಾಗ ನನ್ನ ಮೊಣಕೈ ತಾನಾಗೇ ಪಕ್ಕೆಗೆ ಹೋಗುತ್ತದೆ.

ರೀಲಿನ ಹೆಸರು 120. ಒಂದು ರೀಲಿಗೆ 12 ಫೋಟೋ, ಒಂದೊಂದೂ 6 ಸೆಂಟಿಮೀಟರ್ ಚೌಕ. ಪೇಟೆಯಲ್ಲಿ ಕೆಲವೊಮ್ಮೆ ಪೂರ್ವ ಜರ್ಮನಿಯ ಓರ್ವೊ ಸಿಗುತ್ತಿತ್ತು, ಕೆಲವೊಮ್ಮೆ ನಮ್ಮ ಊಟಿಯ ಇಂದು. ಇಂದು ಅಂದರೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯದು, 1960ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಕಾರ್ಖಾನೆ.

ರೀಲು ಹಾಕುವುದೇ ಒಂದು ಸಂಭ್ರಮ. ಬಿಸಿಲಲ್ಲಿ ಹಾಕುವ ಹಾಗಿಲ್ಲ. ನಾನು ಪಡಸಾಲೆಯ ಮೂಲೆಗೆ ಹೋಗುತ್ತಿದ್ದೆ. ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಒಂದು ಕಾಗದ ಇರುತ್ತದೆ. ಆ ಕಾಗದದ ತುದಿಯನ್ನು ಖಾಲಿ ಉರುಳೆಯ ಸೀಳಿಗೆ ತೂರಿಸಿ, ಎರಡು ಸುತ್ತು ಸುತ್ತಿ, ಹಿಂಬದಿ ಮುಚ್ಚಬೇಕು. ಆಮೇಲೆ ಬೆನ್ನಿನಲ್ಲಿರುವ ಸಣ್ಣ ಕೆಂಪು ಕಿಟಕಿಯಲ್ಲಿ ಕಣ್ಣಿಟ್ಟು ತಿರುಗಣೆ ತಿರುಗಿಸುತ್ತಾ ಹೋದರೆ ಮೊದಲು ಚುಕ್ಕಿಗಳು, ಆಮೇಲೆ 1 ಅನ್ನುವ ಅಂಕಿ ಮೆಲ್ಲಗೆ ಬಂದು ನಿಲ್ಲುತ್ತದೆ. 12 ಮುಗಿದ ಮೇಲೆ ಕೊನೆಯ ತನಕ ಸುತ್ತಿ, ಹೊರತೆಗೆದು, ತುದಿಯ ಅಂಟಿನ ಪಟ್ಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಬೇಕು. ಆ ಅಂಟಿನ ರುಚಿ ಇನ್ನೂ ನೆನಪಿದೆ. ಖಾಲಿಯಾದ ಉರುಳೆಯನ್ನು ಬಿಸಾಡುವ ಹಾಗಿಲ್ಲ, ಮುಂದಿನ ರೀಲು ಅದಕ್ಕೇ ಸುತ್ತಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಈ ಕ್ಯಾಮೆರಾಕ್ಕೆ ಬೆಳಕು ಜಾಸ್ತಿ ಬೇಕು. ಕಪ್ಪು-ಬಿಳುಪು ಫಿಲ್ಮು ಬೆಳಕು ಹೆಚ್ಚಾದರೆ ಹೇಗೋ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಏನೂ ಬರುವುದಿಲ್ಲ. ಫ್ಲಾಶ್ ನಮ್ಮಲ್ಲಿ ಇರಲಿಲ್ಲ. ಮಲೆನಾಡಿನ ಹಳೇ ಮನೆ ಅಂದರೆ ನಿಮಗೆ ಗೊತ್ತಲ್ವಾ, ತಗ್ಗು ಮಾಡು, ಸಣ್ಣ ಕಿಟಕಿ, ಹೊಗೆಗೆ ಕಪ್ಪಾದ ಗೋಡೆ. ಒಳಗೆ ಒಂದು ಫೋಟೋವನ್ನೂ ತೆಗೆಯಲು ಆಗುತ್ತಿರಲಿಲ್ಲ. ಹಾಗಾಗಿ ಫೋಟೋ ಬೇಕು ಅಂದರೆ ಯಾರೇ ಆಗಲಿ ಅಂಗಳಕ್ಕೆ ಬರಲೇಬೇಕಿತ್ತು. ಅಡಿಕೆ ಒಣಗಿಸುವ ಚಪ್ಪರದ ನೆರಳಿನಿಂದಲೂ ಆಚೆ, ಬರೀ ಬಿಸಿಲಿಗೆ.

ಗಂಡಸರಿಗೆ ಇದೇನೂ ದೊಡ್ಡ ವಿಷಯ ಅಲ್ಲ, ಅವರು ಹೇಗೂ ಅಂಗಳದಲ್ಲೇ ಇರುತ್ತಿದ್ದರು. ಹೆಂಗಸರಿಗೆ ಹಾಗಲ್ಲ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲ ಬೆಳಗಿನಿಂದ ರಾತ್ರಿವರೆಗೆ ಒಲೆ, ಬಚ್ಚಲು, ಕೊಟ್ಟಿಗೆ ಅಂತ ಒಳಗೇ ಇರುವವರು. ಅವರ ಫೋಟೋ ಅಂತ ಇದ್ದರೆ ಮದುವೆಯದ್ದು ಒಂದು. ಸ್ಟುಡಿಯೋದವರು ಬಂದು ಕಂಬದ ಮುಂದೆ ಬೆಂಚು ಹಾಕಿಸಿ ತೆಗೆದ ಗ್ರೂಪ್ ಫೋಟೋ. ಅದರಲ್ಲೂ ಮುಖ ಅರ್ಧ ತಗ್ಗಿಸಿಕೊಂಡೇ ಇರುತ್ತಿದ್ದರು. ಪರ ಗಂಡಸು ಎದುರಿಗೆ ನಿಂತು "ಸ್ವಲ್ಪ ಮೇಲೆ ನೋಡಿ" ಅಂದರೆ ಯಾರು ತಾನೇ ನೋಡುತ್ತಾರೆ?

ನನ್ನ ಕೈಯಲ್ಲಿ ಕ್ಯಾಮೆರಾ ಇದ್ದಾಗ ಅದೆಲ್ಲ ಬದಲಾಯಿತು. ಮಧ್ಯಾಹ್ನ ಊಟವಾಗಿ ಗಂಡಸರು ಜಗುಲಿಯಲ್ಲಿ ಒರಗಿದ ಹೊತ್ತು ನೋಡಿ ನಾನು ಹಿತ್ತಲಂಗಳಕ್ಕೆ ಎಲ್ಲರನ್ನೂ ಕರೆಯುತ್ತಿದ್ದೆ. ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಒಬ್ಬರಿಗೊಬ್ಬರು ಹೂವು ಸರಿಮಾಡುತ್ತಿದ್ದರು. ಚಿಕ್ಕಮ್ಮ ಬಾಯಿ ತುಂಬ ನಗುವ ಒಂದು ಫೋಟೋ ಇದೆ. ಹಲ್ಲು ಕಾಣುವ ಹಾಗೆ ಅವರು ನಕ್ಕ ಫೋಟೋ ಅದೊಂದೇ. ಎದುರಿಗೆ ನಿಂತಿದ್ದು ಮನೆಯ ಹುಡುಗಿ ಅನ್ನುವ ಕಾರಣಕ್ಕೇ ಆ ನಗು ಬಂದಿದ್ದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಣ್ಣಜ್ಜಿಯ ಫೋಟೋ ಬಗ್ಗೆ ಹೇಳಲೇಬೇಕು. ಅಜ್ಜನ ತಂಗಿ ಅವರು. ಇನ್ನೂ ಆಟ ಆಡುವ ವಯಸ್ಸಿನಲ್ಲಿ ಮದುವೆಯಾಗಿ, ಅದೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದ ಕಾಲ ಅದು. ಮನೆಯಲ್ಲಿ ಎಷ್ಟು ಮದುವೆಗಳಾದವು, ಎಷ್ಟು ಉಪನಯನಗಳಾದವು. ಅಷ್ಟಕ್ಕೂ ಹಪ್ಪಳ ಮಾಡಿದವರು, ಉಪ್ಪಿನಕಾಯಿ ಹಾಕಿದವರು, ಬಾಳಂತಿಯರಿಗೆ ನೀರು ಹಾಕಿದವರು ಅವರು. ಒಂದು ಗ್ರೂಪ್ ಫೋಟೋದಲ್ಲೂ ಅವರಿಲ್ಲ. ಯಾರೂ ಬೇಡ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫೋಟೋದವನು ಬಂದ ಅಂದ ಕೂಡಲೇ ಅವರೇ ಒಳಗೆ ಹೋಗಿಬಿಡುತ್ತಿದ್ದರು, ಅಷ್ಟೇ. ಈಗ ಆ ಹಳೇ ಫೋಟೋಗಳನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ದಿನ ಅವರು ಅಂಗಳದಲ್ಲಿ ಒಣಗಿದ ಅಡಿಕೆ ಆರಿಸುತ್ತಿದ್ದರು. ನಾನು ಹೋಗಿ ಕೇಳಿದೆ.

"ನಂದೆಂತಕ್ಕೇ ಕೂಸೇ ಫೋಟೋ? ರೀಲು ದಂಡ."

"ನಂಗೆ ಬೇಕು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಬಂದು ಮೆಟ್ಟಿಲ ಮೇಲೆ ಕೂತರು. ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು, "ನಗಬೇಕಾ?" ಅಂತ ಕೇಳಿದರು. ನಿಮಗೆ ಬೇಕಾದ ಹಾಗೆ ಇರಿ ಅಂದೆ. ನಗಲಿಲ್ಲ. ನೇರ ನನ್ನನ್ನೇ ನೋಡಿದರು. ಎಷ್ಟು ನೇರ ಅಂದರೆ, ಆ ಫೋಟೋ ನೋಡುವವರು ಯಾರಾದರೂ ಸರಿ, ಮೊದಲು ಕಣ್ಣು ತಗ್ಗಿಸುವವರು ಅವರೇ ಹೊರತು ಸಣ್ಣಜ್ಜಿ ಅಲ್ಲ.

ರೀಲು ತೊಳೆಸಿದ್ದು ಸಾಗರ ಪೇಟೆಯಲ್ಲಿ. ಆಗ ದೊಡ್ಡದು ಮಾಡಿಸುವುದು ದುಬಾರಿ. ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಳತೆಯ ಕಾಪಿ ಹಾಕಿಸುತ್ತಿದ್ದೆವು. ಕಾಗದದ ಮೇಲೆ ನೆಗೆಟಿವ್ ಒತ್ತಿಟ್ಟು ಬೆಳಕು ಬಿಟ್ಟರೆ ಆಗುವ ಪುಟ್ಟ ಚೌಕದ ಫೋಟೋ. ಸುತ್ತ ಬಿಳಿ ಅಂಚು, ಅಂಚಿಗೆ ಹಲ್ಲುಹಲ್ಲಾದ ಕತ್ತರಿ ಕೆಲಸ. ಸಣ್ಣಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಥೇಟ್ ನಮ್ಮಮ್ಮನೇ" ಅಂದರು. ಅವರ ಅಮ್ಮನದು ಒಂದೂ ಫೋಟೋ ಇಲ್ಲ. ನಾವು ಯಾರೂ ಕಾಣದ ಆ ಮುತ್ತಜ್ಜಿ ಹೇಗಿದ್ದರು ಅಂತ ಆ ಫೋಟೋದಿಂದಲೇ ನಮಗೆ ಗೊತ್ತಾಗಿದ್ದು.

ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನದೂ ಒಂದು ಫೋಟೋ ಇದೆ. ಮರದ ಮೇಲಿದ್ದಾಗ ತೆಗೆದದ್ದರಲ್ಲಿ ಆತ ಒಂದು ಚುಕ್ಕಿ, ಹತ್ತಿರ ತರುವ ಲೆನ್ಸ್ ಇಲ್ಲವಲ್ಲ. ಕೆಳಗಿಳಿದ ಮೇಲೆ ಹಗ್ಗ, ಕತ್ತಿ ಹಿಡಿದು ನಿಂತದ್ದು ಚೆನ್ನಾಗಿ ಬಂತು. ಒಂದು ಕಾಪಿ ಕೇಳಿ ತೆಗೆದುಕೊಂಡು ಹೋದ. ಅವನ ಮಗನ ಮನೆಯ ಗೋಡೆಯಲ್ಲಿ ಅದಕ್ಕೆ ಈಗಲೂ ಚೌಕಟ್ಟು ಹಾಕಿಟ್ಟಿದ್ದಾರೆ.

ಜೋಗಕ್ಕೂ ತೆಗೆದುಕೊಂಡು ಹೋಗಿದ್ದೆ. 253 ಮೀಟರ್ ಎತ್ತರದ ಜಲಪಾತ ಕಾಪಿಯಲ್ಲಿ ನಾಲ್ಕು ಬಿಳಿ ಗೆರೆ. ಜೋಗವನ್ನು ಕಣ್ಣಲ್ಲೇ ನೋಡಬೇಕು ಅಂತ ನನ್ನ ಅಭಿಪ್ರಾಯ, ಈಗಿನ ಕ್ಯಾಮೆರಾ ಇದ್ದರೂ.

ಜೂನ್ ಹುಟ್ಟಿತು ಅಂದರೆ ಕ್ಯಾಮೆರಾಕ್ಕೆ ರಜೆ. ಮೋಡದ ಚಿತ್ರಕ್ಕೆ ತಿರುಗಿಸಿದರೂ ಸಾಲದಷ್ಟು ಕತ್ತಲು ನಮ್ಮ ಮಳೆಗಾಲ. ಅದಕ್ಕಿಂತ ದೊಡ್ಡ ಚಿಂತೆ ಬೂಷ್ಟು. ಚರ್ಮದ ಚೀಲ, ಲೆನ್ಸು ಯಾವುದನ್ನೂ ಅದು ಬಿಡುವುದಿಲ್ಲ. ಅಮ್ಮ ಕ್ಯಾಮೆರಾವನ್ನು ತವರದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹುಣಸೆಹಣ್ಣು, ಬಿತ್ತನೆ ಬೀಜ ಇಡುವ ಜಾಗ ಅದು. ಮಳೆಗಾಲ ಮುಗಿದು ತೆಗೆದಾಗ ಹೊಗೆಯ ವಾಸನೆ ಬರುತ್ತಿತ್ತು, ಬೂಷ್ಟು ಮಾತ್ರ ಒಂದು ಚೂರೂ ಇರುತ್ತಿರಲಿಲ್ಲ. ಕ್ಯಾಮೆರಾ ಇಷ್ಟು ವರ್ಷ ಉಳಿದಿದ್ದು ಅಮ್ಮನಿಂದ. ಈಗ ಅದು ತಮ್ಮನ ಮಗಳ ಹತ್ತಿರ ಇದೆ. 120 ರೀಲು ಇವತ್ತಿಗೂ ತಯಾರಾಗುತ್ತದೆ. ಕೊಡಕ್ 1901ರಲ್ಲಿ ತಂದ ಅಳತೆ ಅದು, ನೋಡಿ ಎಷ್ಟು ಕಾಲ ಬಾಳಿತು. ಅವಳು ತರಿಸಿ ಹಾಕಿ ಫೋಟೋ ತೆಗೆಯುತ್ತಾಳೆ, ಚೆನ್ನಾಗೇ ಬರುತ್ತವೆ.

ಒಂದೇ ಒಂದು ಕೊರಗು. ಆ ಅಡುಗೆಮನೆಯ ಫೋಟೋ ನಮ್ಮಲ್ಲಿ ಇಲ್ಲ. ಮನೆಯ ಹೆಂಗಸರೆಲ್ಲ ಬದುಕು ಕಳೆದದ್ದು ಅಲ್ಲಿ. ಆದರೆ ಆಲ್ಬಮ್ ತೆಗೆದರೆ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಗಳದಲ್ಲೇ ನಿಂತಿದ್ದಾರೆ, ಇಡೀ ದಿನ ಅಲ್ಲೇ ಇರುತ್ತಿದ್ದರೇನೋ ಅನ್ನುವ ಹಾಗೆ. ನನ್ನ ಮಗಳು ಚಿಕ್ಕವಳಿದ್ದಾಗ ಹಾಗೇ ತಿಳಿದುಕೊಂಡಿದ್ದಳು. ನಾನು ಕೂತು ಎಲ್ಲ ವಿವರಿಸಬೇಕಾಯಿತು. ಹಳೇ ಫೋಟೋ ನೋಡುವಾಗ ಕ್ಯಾಮೆರಾಕ್ಕೆ ಏನು ಕಾಣುತ್ತಿರಲಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು.

ಇನ್ನು ನಿಮ್ಮ ಡಬ್ಬಿಯ ವಿಷಯ. ನೆಗೆಟಿವ್ ಆರು ಸೆಂಟಿಮೀಟರ್ ಚೌಕ ಇದ್ದರೆ ನಿಮ್ಮ ಅದೃಷ್ಟ. ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ವಿವರ ಬೇಕಾದಷ್ಟಿರುತ್ತದೆ. ಸಣ್ಣಜ್ಜಿಯ ಫೋಟೋವನ್ನು ನಾವು ಈಚೆಗೆ ದೊಡ್ಡದು ಮಾಡಿಸಿದಾಗ ಸೀರೆಯ ಅಂಚಿನ ಹೊಲಿಗೆ ಕೂಡ ಕಂಡಿತು. ಅಂಚು ಮಾತ್ರ ಹಿಡಿದು ಎತ್ತಿ, ನಡುವೆ ಬೆರಳು ತಾಗಿಸಬೇಡಿ. ಧೂಳಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಸವರಿ, ಒದ್ದೆ ಬಟ್ಟೆ ಬೇಡವೇ ಬೇಡ. ವಿನೆಗರ್ ವಾಸನೆ ಬರುವ ನೆಗೆಟಿವ್ ಇದ್ದರೆ ಬೇರೆ ಇಡಿ. ಶೆಕೆ, ತೇವಕ್ಕೆ ಫಿಲ್ಮು ಕೆಡಲು ಶುರುವಾಗಿದೆ ಅಂತ ಅರ್ಥ, ಪಕ್ಕದವುಗಳನ್ನೂ ಕೆಡಿಸುತ್ತದೆ. ಮೊದಲು ಅವುಗಳದ್ದೇ ಸ್ಕ್ಯಾನ್ ಮಾಡಿಸಿ.

ಸ್ಕ್ಯಾನ್ ಮಾಡಿಸುವ ಮುಂಚೆ ಸುಮ್ನೆ ಏನಿದೆ ಅಂತ ನೋಡಬೇಕಾದರೆ ಮನೆಯಲ್ಲೇ ಆಗುತ್ತದೆ. ಒಂದು ಟ್ಯಾಬ್‌ನ ಪರದೆ ಪೂರ್ತಿ ಬಿಳಿ ಮಾಡಿ, ಅದರಿಂದ ಒಂದೆರಡು ಬೆರಳು ಮೇಲೆ ಗಾಜಿಟ್ಟು, ಗಾಜಿನ ಮೇಲೆ ನೆಗೆಟಿವ್ ಇಡಿ. ಪರದೆಗೇ ತಾಗಿಸಿಟ್ಟರೆ ಅದರ ಚುಕ್ಕಿಗಳೂ ಬರುತ್ತವೆ. ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತಿರುಗುಮುರುಗು ಮಾಡುವ ಆಯ್ಕೆ ಒತ್ತಿದರೆ ಮುಖಗಳು ಎದ್ದು ಬರುತ್ತವೆ.

ಹಾಗೆ ಬಂದ ಮುಖಗಳನ್ನು ಮನೆಯ ಹಿರಿಯರಿಗೆ ಈ ವಾರವೇ ತೋರಿಸಿ. ಯಾರು, ಯಾವ ಊರು, ಏನಾಗಬೇಕು ಅಂತ ಕೇಳಿ. ಅದನ್ನು ಕಾಗದದ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ನೆಗೆಟಿವ್ ಒಳಗೆ ಹಾಕುವ ಮೊದಲೇ ಬರೆಯಿರಿ, ಇಲ್ಲದಿದ್ದರೆ ಒತ್ತಿದ ಗುರುತು ಫಿಲ್ಮಿನ ಮೇಲೆ ಮೂಡುತ್ತದೆ.