ಚಿನ್ನವನ್ನು ನುಣ್ಣಗೆ ಪುಡಿ ಮಾಡಿದರೆ ಕಡಿಮೆ ಬಿಸಿಗೇ ಕರಗುತ್ತದಾ?

ನ್ಯಾನೋ ಗಾತ್ರದ ಚಿನ್ನ 1064 ಡಿಗ್ರಿಗಿಂತ ಎಷ್ಟೋ ಕೆಳಗೇ ಕರಗುತ್ತದಂತೆ, ಅರದ ಪುಡಿ ಬೇಗ ಕರಗುವುದೂ ಅದಕ್ಕೇನಾ ಅಂತ ಕೇಳಿದ್ದೀರಿ. ಮೊದಲನೆಯದು ನಿಜ. ಎರಡನೆಯದಕ್ಕೆ ಕಾರಣ ಬೇರೆ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು, ಅಪ್ಪನದು ಚಿನ್ನದ ಕೆಲಸ. ಅರ ಹಾಕುವಾಗ ಉದುರಿದ ಪುಡಿಯನ್ನು ಗುಡಿಸಿ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಊದುತ್ತಿದ್ದರು. ಕೆಂಪಗೆ ಕಾದ ಪುಡಿ ಒಮ್ಮೆಲೇ ಒಟ್ಟುಗೂಡಿ ಗುಂಡಗಿನ ಹನಿಯಾಗುತ್ತಿತ್ತು. ಆ ಹೊಳಪು ನೋಡಲಿಕ್ಕೇ ನಾನು ಪಕ್ಕ ಕೂರುತ್ತಿದ್ದೆ. ಅದು ಬೇಗ ಕರಗುತ್ತಿದ್ದದ್ದು ಚಿನ್ನ ಸ್ವಲ್ಪವೇ ಇದ್ದದ್ದರಿಂದ, ಬಿಸಿ ಬೇಗ ಏರುತ್ತಿದ್ದದ್ದರಿಂದ. ಕರಗುವ ಡಿಗ್ರಿ ಮಾತ್ರ ಅದೇ 1064. ಅರದ ಪುಡಿಯ ಒಂದು ಕಣ 0.1 ಮಿಲಿಮೀಟರ್ ಇದ್ದರೂ ಅದು ಒಂದು ಲಕ್ಷ ನ್ಯಾನೋಮೀಟರ್! ಆ ಗಾತ್ರಕ್ಕೆ ಕರಗುವ ಬಿಂದು ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು ಇಳಿದರೆ ಜಾಸ್ತಿ.

ನ್ಯಾನೋ ಕಣದ ಕಥೆ ಬೇರೆ. ನಮ್ಮ ಅಂಗಳದ ಅಡಿಕೆ ರಾಶಿ ನೆನೆಸಿಕೊಳ್ಳಿ. ನಡುವಿನ ಅಡಿಕೆಯನ್ನು ಸುತ್ತಲಿನವು ಒತ್ತಿ ಹಿಡಿದಿರುತ್ತವೆ. ಮೇಲಿನದನ್ನು ಬೆರಳಲ್ಲಿ ತಳ್ಳಿದರೆ ಉರುಳುತ್ತದೆ, ಅಲ್ವಾ? ಚಿನ್ನದೊಳಗಿನ ಪರಮಾಣುವಿಗೆ 12 ನೆರೆಯವರು. ಮೇಲ್ಮೈಯಲ್ಲಿ 9, ಮೂಲೆಯಲ್ಲಿ ಇನ್ನೂ ಕಡಿಮೆ. ಹಿಡಿತ ಕಡಿಮೆಯಾದಷ್ಟೂ ಅಲುಗಾಟ ಸುಲಭ. ದೊಡ್ಡ ತುಂಡಿನಲ್ಲಿ ಮೇಲ್ಮೈಯ ಪಾಲು ಲೆಕ್ಕಕ್ಕೇ ಇಲ್ಲ. ಎರಡು-ಮೂರು ನ್ಯಾನೋಮೀಟರಿನ ಕಣದಲ್ಲಿ ಸುಮಾರು ಅರ್ಧದಷ್ಟು ಪರಮಾಣುಗಳು ಹೊರಗೇ ಇರುತ್ತವೆ.

1954ರಲ್ಲಿ ಜಪಾನಿನ ಮಿಯೆಕೊ ತಕಾಗಿ ಸೀಸ, ತವರದ ತೆಳು ಪದರಗಳಲ್ಲಿ ಈ ಇಳಿತವನ್ನು ಪ್ರಯೋಗದಿಂದ ತೋರಿಸಿದರು. 1976ರಲ್ಲಿ ಸ್ವಿಟ್ಜರ್ಲೆಂಡಿನ ಬುಫಾ ಮತ್ತು ಬೊರೆಲ್ ಚಿನ್ನದ ಕಣಗಳನ್ನೇ ಅಳೆದರು. 10 ನ್ಯಾನೋಮೀಟರಿಗೆ ನೂರು ಡಿಗ್ರಿಯ ಆಸುಪಾಸು ಇಳಿತ, 5ಕ್ಕೆ ಇನ್ನೂರರ ಮೇಲೆ, ಎರಡೂವರೆಗೆ ಬಂದರೆ ಕರಗುವ ಬಿಂದು ಹೆಚ್ಚುಕಡಿಮೆ ಅರ್ಧಕ್ಕೇ ಬರುತ್ತದೆ. ಗಾತ್ರ ಅರ್ಧವಾದರೆ ಇಳಿತ ಸುಮಾರು ಇಮ್ಮಡಿ. ತೀರಾ ಚಿಕ್ಕ ಕಣಗಳಿಗೆ ಮಾತ್ರ ಈ ಲೆಕ್ಕ ಸರಿಯಾಗಿ ಕೂಡಿಬರುವುದಿಲ್ಲ.

ಹಾಗಂತ ನ್ಯಾನೋ ಪುಡಿ ತಂದು ಸಣ್ಣ ಉರಿಯಲ್ಲಿ ಎರಕ ಹೊಯ್ಯಲಾಗುವುದಿಲ್ಲ. ಕಣಗಳು ಬಿಸಿಯಾದ ಕೂಡಲೇ ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ದೊಡ್ಡದಾದ ಮೇಲೆ ಮತ್ತೆ 1064 ಡಿಗ್ರಿಯೇ ಬೇಕು.