ಸೀರೆಗಳ ಅಡಿಯಲ್ಲಿದ್ದ ಫೋಟೊಗಳು

ಇವರನ್ನು ಸುಮಾ ಅನ್ನೋಣ. ಹೆಸರು, ಕೆಲಸ ಬದಲಿಸಿದ್ದೇನೆ, ಬರೆಯಲು ಅವರೇ ಒಪ್ಪಿದ್ದಾರೆ. 38 ವರ್ಷ, ಬೆಂಗಳೂರಿನಲ್ಲಿ ನೌಕರಿ. ಅಜ್ಜಿ ತೀರಿಕೊಂಡು ಆರು ತಿಂಗಳಾದ ಮೇಲೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ನಿದ್ದೆ ಇಲ್ಲ, ಸುಮ್‌ಸುಮ್ನೆ ಅಳು. ಊರಿನಲ್ಲಿ ಅಜ್ಜಿಯ ಟ್ರಂಕು ತೆಗೆದಾಗ ಸೀರೆಗಳ ಅಡಿಯಲ್ಲಿ 11 ಕಪ್ಪುಬಿಳುಪು ಫೋಟೊ ಸಿಕ್ಕಿದ್ದವು. ಒಂದರಲ್ಲಿ ಅಜ್ಜ, ಅಜ್ಜಿ, ಎಂಟು ವರ್ಷದ ಅಮ್ಮ ಹೆಂಚಿನ ಮನೆ ಮುಂದೆ ನಿಂತಿದ್ದಾರೆ. ಹಿಂದೆ ಅಜ್ಜನ ಅಕ್ಷರ: 'ನಮ್ಮನೆ, 1963'.

ಆ ಮನೆ ಈಗ ಶರಾವತಿ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ಕಡೆ ಮುಳುಗಿದ ಊರುಗಳಲ್ಲಿ ಇವರದ್ದೂ ಒಂದು. ಮನೆಯಲ್ಲಿ 'ಮುಳುಗಡೆ' ಅನ್ನುವ ಮಾತು ಬರುತ್ತಿದ್ದದ್ದು ಜಮೀನಿನ ಹಕ್ಕುಪತ್ರದ ವಿಷಯಕ್ಕೆ ಮಾತ್ರ.

"ಪ್ರತಿ ಬೇಸಿಗೆ ರಜೆಯಲ್ಲೂ ಅಜ್ಜಿ ಪಕ್ಕದಲ್ಲೇ ಮಲಗ್ತಿದ್ದೆ ಮೇಡಂ, ಒಂದು ದಿನವೂ ಕೇಳಲಿಲ್ಲ" ಅಂದರು. ಅಮ್ಮನನ್ನು ಕೇಳಿದರೆ "ಹಳೇದೆಲ್ಲ ಯಾಕೀಗ" ಅಂತ ಎದ್ದು ಹೋಗುತ್ತಾರಂತೆ.

ನಾನು ಹೇಳಿದ್ದು ಇಷ್ಟು. ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರು ಅಂತ ಏನೂ ಇಲ್ಲ. ಮನೆ, ತೋಟ, ದೇವರಬನ ಎಲ್ಲ ಬಿಟ್ಟು ಹೊರಟವರಿಗೆ ಅದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ, ಮೊಮ್ಮಗಳು ಏನೂ ತಿಳಿಯದೆ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿದ್ದೇ ಅವರಿಗೆ ಬೇಕಾಗಿದ್ದಿರಬಹುದು. ಆದರೂ ಫೋಟೊ ಎಸೆಯಲಿಲ್ಲ, ಅಲ್ವಾ? ಕೇಳಬೇಕಿದ್ದ ಪ್ರಶ್ನೆಗಳನ್ನು ಅಜ್ಜಿಗೇ ಕಾಗದದ ಹಾಗೆ ರಾತ್ರಿ ಹತ್ತು ನಿಮಿಷ ಬರೆಯಿರಿ ಅಂದೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡಲೇಬೇಕು ಅಂತಲೂ ಹೇಳಿದೆ.

ಅಮ್ಮನ ವಿಷಯಕ್ಕೆ ಜಾಸ್ತಿ ಹೊತ್ತು ಕೂತೆವು. ಎಂಟು ವರ್ಷಕ್ಕೇ ಮನೆ ಕಳೆದುಕೊಂಡ ಹುಡುಗಿ ಅವರು. ಅದು ಹಟವಲ್ಲ, ಹೆದರಿಕೆ. ಪ್ರಶ್ನೆ ಕೇಳಬೇಡಿ. ಸಂಜೆ ಕಾಫಿ ಆದ ಮೇಲೆ ಒಂದೇ ಒಂದು ಫೋಟೊ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಿರಿ. ಮೊಬೈಲಿನಲ್ಲಿ ಬೇಡ, ಆ ಫೋಟೊನೇ ಕೊಡಿ. ಎದ್ದು ಹೋದರೆ ಬಿಟ್ಟುಬಿಡಿ.

ಎರಡು ಫೋಟೊ ಮಲೆನಾಡಿನ ಥಂಡಿಗೆ ಅಂಟಿಕೊಂಡಿದ್ದವು. ಎಳೆಯಬೇಡಿ, ಉಳಿದವನ್ನು ಕಿಟಕಿ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಹಿಂದೆ ಹೆಸರು ಬರೆಯುವುದಾದರೆ ಪೆನ್ ಬೇಡ, ಪೆನ್ಸಿಲ್ಲಿನಲ್ಲಿ ಮೆಲ್ಲಗೆ ಬರೆಯಿರಿ ಅಂದೆ.

ಮೂರನೇ ಸಲ ಬಂದಾಗ ಸುಮಾ ಹೇಳಿದರು. ಅಮ್ಮ ಫೋಟೊದಲ್ಲಿ ಮನುಷ್ಯರ ಕಡೆ ನೋಡಲೇ ಇಲ್ಲವಂತೆ. ಮೂಲೆಯಲ್ಲಿ ಮಸುಕಾಗಿದ್ದ ಕರುವಿನ ಮೇಲೆ ಬೆರಳಿಟ್ಟು, "ಇದನ್ನ ಯಾರಿಗೋ ಕೊಟ್ಟು ಬಂದ್ವಿ" ಅಂದರಂತೆ. ಆಮೇಲೆ ಒಂದು ಗಂಟೆ ಮಾತಾಡಿದರು, ಇಬ್ಬರೂ ಅತ್ತರು. ಇನ್ನೂ ಹತ್ತು ಫೋಟೊ ಇವೆ. ಆತುರ ಬೇಡ ಅಂದಿದ್ದೇನೆ.