ತೊಗರಿ ಸಹಾಯವಾಣಿ: ಯಂತ್ರವೂ ತಿರುಗಿ ಕೇಳಬೇಕು

ಪ್ರಶ್ನೆ: ತೊಗರಿ ಬೆಳೆಗಾರರು ಫೋನ್ ಮಾಡಿ ಮಾತಾಡಿದರೆ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಸಹಾಯವಾಣಿಯನ್ನು ನಮ್ಮ ರೈತ ಉತ್ಪಾದಕರ ಸಂಸ್ಥೆ ಮಾಡಿಸಿದೆ. ಕಚೇರಿಯಲ್ಲಿ ನೋಡಿದಾಗ ಚೆನ್ನಾಗಿಯೇ ಇತ್ತು. ಹೊಲದಿಂದ ಕರೆ ಮಾಡಿದವರು ಮಾತ್ರ ಒಮ್ಮೆ ಮಾಡಿ ಬಿಟ್ಟುಬಿಡುತ್ತಾರೆ. ಏನು ಸರಿಪಡಿಸಬೇಕು?
– ಸಂಸ್ಥೆಯ ಕಾರ್ಯಕರ್ತೆ, ಆಳಂದ ತಾಲ್ಲೂಕು

ಉತ್ತರ: ಮೊದಲು ಧ್ವನಿ ನೋಡಿ. ಮಾತನ್ನು ಅಕ್ಷರಕ್ಕಿಳಿಸುವ ಮಾದರಿಗಳು (ಉದಾಹರಣೆಗಳಿಂದ ಕಲಿತ ತಂತ್ರಾಂಶಗಳು) ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ನ, ಅಂದರೆ ಸದ್ದನ್ನು ಸೆಕೆಂಡಿಗೆ 16 ಸಾವಿರ ಸಲ ಅಳೆದು ದಾಖಲಿಸಿದ, ಸ್ವಚ್ಛ ಧ್ವನಿಯಲ್ಲಿ, ಬಹುಮಟ್ಟಿಗೆ ನೋಡಿ ಓದಿದ ಕನ್ನಡದಲ್ಲಿ ಕಲಿತಿರುತ್ತವೆ. ಸಾಮಾನ್ಯ ಫೋನ್ ಕರೆಯಲ್ಲಿ ಬರುವುದು ಹೆಚ್ಚಾಗಿ ಅದರ ಅರ್ಧ, 8 ಕಿಲೋಹರ್ಟ್ಸ್, ಜೊತೆಗೆ ಗಾಳಿ, ಟ್ರ್ಯಾಕ್ಟರ್ ಸದ್ದು. ಅದರ ಮೇಲೆ 'ಒಣಗ್ಲಾಕತ್ತದ್ರಿ' ಎಂಬ ನಮ್ಮ ಮಾತು. ಮೂವತ್ತು ನಲವತ್ತು ಜನರಿಂದ, ಅರ್ಧದಷ್ಟು ಹೆಣ್ಣುಮಕ್ಕಳು ಇರುವಂತೆ, ಹೊಲದಲ್ಲೇ, ಫೋನ್ ಕರೆಯ ಮೂಲಕವೇ, ಮಾದರಿಗೆ ಕಲಿಸಲು ಮತ್ತು ಅದನ್ನು ಪರೀಕ್ಷಿಸಲು ಧ್ವನಿ ಸಂಗ್ರಹಿಸಿ. ಕಳೆ ತೆಗೆಯಲು ಸಾಲಿಗಿಳಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ರೋಗದ ಗಿಡ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಯಾತಕ್ಕೆ ಬಳಸುತ್ತೀರಿ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಕಲಿಕೆಗೆ ಬಳಸಿದವರ ಧ್ವನಿಯನ್ನು ಪರೀಕ್ಷೆಗೆ ಬಳಸಬೇಡಿ. ಬಳಸಿದರೆ ಅಂಕ ಸುಳ್ಳೇ ಏರುತ್ತದೆ.

ಒಟ್ಟು ಎಷ್ಟು ಪದ ತಪ್ಪಿದವು ಎಂಬ ಲೆಕ್ಕವೊಂದೇ ಸಾಲದು. ರೈತರು 'ಗೆರಿ ಇಲ್ರಿ' (ಕಾಂಡದೊಳಗೆ ರೋಗದ ಗೆರೆ ಇಲ್ಲ) ಎಂದದ್ದು 'ಗೆರಿ ಎಲ್ಲ' ಎಂದಾದರೆ ತಪ್ಪಿದ್ದು ಒಂದೇ ಪದ, ಆದರೆ ಸಲಹೆ ತಲೆಕೆಳಗು. ಬೆಳೆಯ ಹೆಸರು, ರೋಗದ ಹೆಸರು, ಹೌದು, ಇಲ್ಲ: ಇವುಗಳ ತಪ್ಪನ್ನು ಬೇರೆಯಾಗಿ ಎಣಿಸಿ. ಹೌದು–ಇಲ್ಲಕ್ಕೆ 1, 2 ಒತ್ತುವ ದಾರಿಯನ್ನೂ ಇಡಿ.

ಆದರೆ ನನ್ನ ಅನುಮಾನ ಧ್ವನಿಗಿಂತ ಉತ್ತರದ ಮೇಲೇ ಹೆಚ್ಚು. ರೈತರು ಕೇಳುವುದು ಹೀಗೆ: 'ತೊಗರಿ ಒಣಗ್ಲಾಕತ್ತದ್ರಿ, ಏನ್ ಹೊಡೀಬೇಕು?' ಯಂತ್ರ ತಟ್ಟನೆ ಒಂದು ಔಷಧದ ಹೆಸರು ಹೇಳಿಬಿಟ್ಟರೆ ಅಲ್ಲೇ ಕೆಟ್ಟಿತು. ಅನುಭವಿ ಕೃಷಿ ಅಧಿಕಾರಿ ಹಾಗೆ ಹೇಳುವುದಿಲ್ಲ, ತಿರುಗಿ ಕೇಳುತ್ತಾರೆ. 'ಒಂದು ಗಿಡ ಕಿತ್ತು ಕಾಂಡ ಉದ್ದಕ್ಕೆ ಸೀಳಿ ನೋಡ್ರಿ, ಒಳಗ ಕಂದು-ಕಪ್ಪು ಗೆರಿ ಅದಾವೇನು?' ಇದ್ದರೆ ನೆಟೆ ರೋಗ ಇರಬಹುದು. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಬಾಡಿದ ಗಿಡ ಸಿಂಪಡಣೆಯಿಂದ ಚೇತರಿಸುವುದಿಲ್ಲ. ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕುವುದು, ರೋಗ ತಡೆಯುವ ತಳಿ ಆರಿಸುವುದೇ ದಾರಿ. ಗೆರೆ ಇಲ್ಲದೆ ತಗ್ಗಿನಲ್ಲಷ್ಟೇ ಒಣಗುತ್ತಿದ್ದರೆ ನೀರು ನಿಂತು ಬೇರು ಕೊಳೆತಿರಬಹುದು. ಗಿಡ ಒಣಗದೆ, ಎಲೆ ಸಣ್ಣದಾಗಿ ತಿಳಿಹಳದಿ ಮಚ್ಚೆ ಬಿದ್ದು, ಹೂವೇ ಬಿಡದಿದ್ದರೆ ಅದು ಗೊಡ್ಡು ರೋಗ, ನುಸಿಯಿಂದ ಹರಡುವಂಥದ್ದು. ಈ ಮೂರನ್ನು ಬೇರ್ಪಡಿಸದೆ ಕೊಟ್ಟ ಉತ್ತರ ರೈತರ ದುಡ್ಡನ್ನು ಮಣ್ಣುಪಾಲು ಮಾಡುತ್ತದೆ. ಹಾಗಾಗಿ ಇಂಥ ಎರಡು ಮೂರು ಪ್ರಶ್ನೆಗಳ ಸರಣಿಯನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಂದಿಗೆ ಕೂತು ಬರೆಯಿರಿ. ಅದನ್ನು ಉತ್ತರ ರಚಿಸುವ ಭಾಷಾ ಮಾದರಿಯ ಊಹೆಗೆ ಬಿಡಬೇಡಿ.

ಔಷಧದ ಹೆಸರು ಮತ್ತು ಪ್ರಮಾಣವನ್ನಂತೂ ಮಾದರಿ ತಾನಾಗಿ ರಚಿಸಲೇಬಾರದು. ತಜ್ಞರು ಒಪ್ಪಿದ ಪಟ್ಟಿಯಿಂದ ಇದ್ದದ್ದನ್ನು ಇದ್ದಂತೆ ಓದಲಿ. ಭಾಷಾ ಮಾದರಿ 2 ಮಿಲಿ ಎನ್ನುವುದನ್ನು 20 ಮಿಲಿ ಎಂದರೂ ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ.

ಉತ್ತರ ಇಪ್ಪತ್ತು ಸೆಕೆಂಡು ಮೀರದಿರಲಿ. ಹುಡುಕಲು ಹೊತ್ತು ಹಿಡಿದರೆ 'ತುಸು ತಡೀರಿ, ನೋಡ್ತೀನಿ' ಎನ್ನಲಿ. ಮೂರು ನಾಲ್ಕು ಸೆಕೆಂಡು ಸದ್ದಿಲ್ಲದಿದ್ದರೆ ಜನ ಕರೆ ಕತ್ತರಿಸುತ್ತಾರೆ.

ಎರಡು ಸಲ ಕೇಳಿದರೂ ತಿಳಿಯದಿದ್ದರೆ ಕರೆ ಮನುಷ್ಯರ ಕೈಗೆ ಹೋಗಬೇಕು. ಹಗಲಲ್ಲಿ ನಿಮ್ಮ ಸಂಸ್ಥೆಯ ಒಬ್ಬರು ತಿರುಗಿ ಫೋನ್ ಮಾಡಲಿ; ಅದಾಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ನ 1800-180-1551 ಸಂಖ್ಯೆಯನ್ನು ನಿಧಾನಕ್ಕೆ ಎರಡು ಸಲ ಹೇಳಲಿ. ಹೀಗೆ ದಾಟಿಸಿದ ಕರೆಗಳನ್ನು ವಾರಕ್ಕೊಮ್ಮೆ ಕೂತು ಕೇಳಿ. ಮುಂದೆ ಯಾವ ಪ್ರಶ್ನೆ ಸೇರಿಸಬೇಕೆಂಬುದು ಅವುಗಳಲ್ಲೇ ಸಿಗುತ್ತದೆ.